ಖಂಡೆಪ್ಪನ ಮಾಳಿಗೆಯ ಮೇಲಿನ ಬಾಲಚುಕ್ಕಿ

ದೌಲಪ್ಪನಿಗೆ ಆಕಾಶದ ಹುಚ್ಚು ಹಿಡಿಸಿದ ಪಾಪ ಯಾರದೆಂದು ಕೇಳಿದರೆ ಶಹಾಬಜಾರಿನವರೆಲ್ಲ ಶಬ್ಬೀರನ ಹೆಸರು ಹೇಳುತ್ತಿದ್ದರು. ಕಲಬುರಗಿಯ ಆ ಇಕ್ಕಟ್ಟು ಓಣಿಯಲ್ಲಿ ದೌಲಪ್ಪನದು ಹಿತ್ತಾಳೆ, ತಾಮ್ರದ ಪಾತ್ರೆಯ ಅಂಗಡಿ. ಎದುರಿಗೆ ಶಬ್ಬೀರ್ ತಸ್ಬೀರು, ಅಂದರೆ ಫೋಟೋ, ತೆಗೆಯುತ್ತಿದ್ದ. ನಿಜಾಮರ ಸರಕಾರದಲ್ಲಿ ಒಂದು ಕುರ್ಚಿ ಸಿಕ್ಕವನಿಗೆಲ್ಲ ಆ ಕುರ್ಚಿಯ ಮೇಲೆ ಕೂತ ತಸ್ಬೀರೂ ಬೇಕಾಗುತ್ತಿತ್ತು, ಹೀಗಾಗಿ ಅವನ ಧಂದೆ ಚೆನ್ನಾಗಿ ನಡೆದು, ಕೊನೆಗೆ ಅವನು ಗಂಟುಮೂಟೆ ಕಟ್ಟಿ ಹೈದರಾಬಾದಿಗೇ ಹೋದ. ಹೋಗುವಾಗ ಒಂದು ಮುರುಕು ಕ್ಯಾಮರಾ ಬಿಟ್ಟುಹೋದ. ಕಸಕ್ಕೆ ಹೋಗಬೇಕಾದದ್ದು ದೌಲಪ್ಪನ ಕೈಗೆ ಬಂತು.

ಆ ಕ್ಯಾಮರಾದ ಅವಸ್ಥೆಯನ್ನು ಏನು ಹೇಳಲಿ! ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿದ್ದ ಅದರ ಚರ್ಮ ಅಲ್ಲಲ್ಲಿ ಹರಿದಿತ್ತು. ದೌಲಪ್ಪ ಅದಕ್ಕೆ ಚಪ್ಪಲಿ ಹೊಲಿಯುವವನಿಂದ ತೇಪೆ ಹಾಕಿಸಿದ. ಕಣ್ಣಿನ ಗಾಜು ಸಡಿಲಾಗಿತ್ತು, ಹಿತ್ತಾಳೆಯ ಲೋಟದ ತಳ ಕೊಯ್ದು ಅದರಲ್ಲಿ ಕೂಡಿಸಿದ. ಮುಚ್ಚಳಕ್ಕೆ ತಂಬಿಗೆಯ ಮುಚ್ಚಳ, ನಿಲ್ಲಿಸುವುದಕ್ಕೆ ಮೂರು ಬಿದಿರು. ತಸ್ಬೀರು ಮೂಡುವ ಗಾಜಿನ ಪ್ಲೇಟು ತೊಳೆಯಲು ಹೆಂಡತಿ ತವರಿನಿಂದ ತಂದ ಚೀನಿ ಬಶಿಗಳು. ಉಪ್ಪಿನಕಾಯಿ ಇಡುವ ಕತ್ತಲ ಕೋಣೆಯಲ್ಲಿ ಕಂದೀಲು ಹಚ್ಚಿ, ಅದರ ಮೇಲೆ ಅವಳ ಕೆಂಪು ಖಣದ ತುಂಡು ಹೊದಿಸಿದರೆ ಪ್ಲೇಟು ಕೆಡದಷ್ಟು ಕೆಂಪು ಬೆಳಕು. ಖರ್ಚೆಂದರೆ ರೈಲಿನಲ್ಲಿ ಬರುವ ಪ್ಲೇಟಿನದು, ಮದ್ದಿನದು ಅಷ್ಟೆ.

"ಮಂದಿ ತಸ್ಬೀರು ತೆಗಿಯೋದು ಬಿಟ್ಟು ಚಿಕ್ಕಿ ತಸ್ಬೀರು ಯಾಕ್ರೀ?" ಎಂದು ಹೆಂಡತಿ ಲಲಿತಾಬಾಯಿ ಕೇಳಿದಳು.

"ಮಂದಿ ಅಲುಗಾಡ್ತಾರ. ಚಿಕ್ಕಿ ಅಲುಗಾಡಂಗಿಲ್ಲ" ಎಂದ ದೌಲಪ್ಪ.

ಅದೂ ಸುಳ್ಳಾಯಿತು. ಮೊದಲ ಪ್ಲೇಟುಗಳಲ್ಲಿ ಏನೂ ಮೂಡಲಿಲ್ಲ. ಆಮೇಲೆ ಮುಚ್ಚಳವನ್ನು ಬಹಳ ಹೊತ್ತು ತೆಗೆದಿಟ್ಟು ನೋಡಿದಾಗ ಬೆಕ್ಕು ಪರಚಿದ ಹಾಗೆ ಗೀರುಗಳು ಬಂದವು. ಬಶಿ ತಿಕ್ಕುವ ಬೂದಿಯಿಂದ ಪ್ಲೇಟನ್ನೂ ತಿಕ್ಕಿದಿಯೇನು ಎಂದು ಹೆಂಡತಿಯ ಮೇಲೆ ಹರಿಹಾಯ್ದ. ಗೀರುಗಳೆಲ್ಲ ಒಂದೇ ಕಡೆ ಬಾಗಿರುವುದನ್ನು ನೋಡಿ ಆಮೇಲೆ ಹೊಳೆಯಿತು, ಚುಕ್ಕಿಗಳು ನಡೆದುಹೋದ ದಾರಿ ಅದು. ಆ ಸಂಜೆ ಅವನ ಕಣ್ಣಲ್ಲಿ ನೀರೇ ಬಂತು. ಆದರೆ ಓಣಿಯವರಿಗೆ ಗೀರು ತೋರಿಸಿದರೆ ಅವರು ಕಿಸಕ್ಕೆಂದು ನಕ್ಕರು. "ಬೆಟ್ಟ ಅಗದು ಇಲಿ ಹಿಡದಂಗಾತು, ದೌಲಪ್ಪಾ!" ಅಂದರು. ಆ ನಗು ಅವನಿಗೆ ನಾಟಿತು. ನಿಜವಾದದ್ದನ್ನು ತೋರಿಸಿದರೆ ನಗುತ್ತಾರೆ ಎಂಬ ಕೆಟ್ಟ ಪಾಠವನ್ನು ಅವನು ಆ ದಿನ ಕಲಿತ.

ಹೀಗಿರುವಾಗ ೧೯೧೦ರ ಬೇಸಿಗೆಯಲ್ಲಿ ಬಾಲಚುಕ್ಕಿ ಬಂತು. ಊರಿಗೆ ಊರೇ ಹೆದರಿತು. ಬಾಲ ಯಾರ ಕಡೆ ತಿರುಗುತ್ತದೋ ಅವರ ಮನೆ ಹಾಳು ಎಂದು ಒಬ್ಬರು, ರಾಜ್ಯವೇ ಹಾಳು ಎಂದು ಇನ್ನೊಬ್ಬರು. ದೌಲಪ್ಪ ಮಾತ್ರ ಮೀಸೆ ತಿರುವಿದ. ಇದರ ತಸ್ಬೀರು ತೆಗೆದರೆ ಯಾವ ಮಗ ನಗುತ್ತಾನೆ ನೋಡೋಣ ಎಂದುಕೊಂಡ. ಶಹಾಬಜಾರಿನಲ್ಲಿ ಒಲೆಯ ಹೊಗೆ, ದೀಪದ ಬೆಳಕು. ಹೆಂಡತಿಯ ತವರು ಕಮಲಾಪುರದಲ್ಲಿ ಆಕಾಶ ಚೊಕ್ಕಟ ಇರುತ್ತದೆಂದು ಗಾಡಿ ಕಟ್ಟಿಸಿಕೊಂಡು ಅಲ್ಲಿಗೆ ಹೋದ.

ಕಮಲಾಪುರದಲ್ಲಿ ಅಳಿಯ ಬಂದನೆಂದರೆ ಅವನು ಒಂದು ಮನೆಯ ಅಳಿಯನಲ್ಲ, ಇಡೀ ಓಣಿಯ ಅಳಿಯ. ಪ್ರತಿ ಮನೆಯಲ್ಲೂ ಕೂಡಬೇಕು, ಪ್ರತಿ ಮನೆಯ ಎಲೆ ಅಡಿಕೆ ಹಾಕಿಕೊಳ್ಳಬೇಕು. ಬೇಡವೆಂದರೆ ಆ ಮನೆಗೆ ಅವಮಾನ. ದೌಲಪ್ಪನೂ ಬೇಡ ಅನ್ನುವ ಪೈಕಿ ಅಲ್ಲ. ಕಡೆಯದಾಗಿ ಅತ್ತೆಯ ಮನೆಯ ಎದುರಿನ ಖಂಡೆಪ್ಪನ ಮನೆ. ಖಂಡೆಪ್ಪ ಕೆಂಪು ಬಾಳೆಯ ತೋಟದವನು, ಮಾತು ಕಮ್ಮಿ. ಮಗಳು ಅಂಬಮ್ಮ ಲಲಿತಾಬಾಯಿಯನ್ನು ಅಕ್ಕಾ ಎಂದು ಕರೆಯುತ್ತ ಅವಳ ಸೆರಗು ಹಿಡಿದು ಬೆಳೆದವಳು. ಅವಳ ಮದುವೆ ಕುಸನೂರಿನ ಕಡೆ ನಿಶ್ಚಯವಾಗಿತ್ತು.

"ಮಾಮಾ, ನಮ್ಮ ಮನಿನೂ ಬರ್ತದೇನ್ರಿ ನಿಮ್ಮ ತಸ್ಬೀರಿನಾಗ?" ಎಂದು ಅಂಬಮ್ಮ ಕೇಳಿದಳು. "ಮದವ್ಯಾಗಿ ಹೋದ ಮ್ಯಾಲ ನೋಡ್ಕೋತ ಕೂಡ್ತೀನಿ."

"ಬರಂಗ ಮಾಡ್ತೀನಿ ತಗೋ" ಎಂದ ದೌಲಪ್ಪ, ಬಾಯಿ ತುಂಬ ಎಲೆ ತುಂಬಿಕೊಂಡು. ಸುಣ್ಣ ಸ್ವಲ್ಪ ಜಾಸ್ತಿಯಾಗಿತ್ತು. ಹೊತ್ತು ಮುಳುಗುತ್ತಿದೆ ಎಂದು ಗಡಿಬಿಡಿಯಿಂದ ಅತ್ತೆಯ ಮನೆಯ ಕತ್ತಲ ಕೋಣೆಗೆ ಹೋಗಿ, ತಡವಿ ತಡವಿ ಪ್ಲೇಟನ್ನು ಅದರ ಚೌಕಟ್ಟಿಗೆ ಸೇರಿಸಿದ.

ಅತ್ತೆಯ ಮನೆಯ ಮಾಳಿಗೆಯ ಮೇಲೆ ಓಣಿಯೆಲ್ಲ ಸೇರಿತ್ತು. ದೌಲಪ್ಪ ಕೊನೆಯ ಬೆಳಕಿನಲ್ಲಿ ಒಂದು ಕ್ಷಣ ಮುಚ್ಚಳ ತೆಗೆದು ಪಡುವಲಲ್ಲಿದ್ದ ಖಂಡೆಪ್ಪನ ಮನೆಯನ್ನು ಹಿಡಿದ. ಕತ್ತಲು ಬಿದ್ದ ಮೇಲೆ ಬಾಲಚುಕ್ಕಿ ಕಾಣಿಸಿತು. ತಲೆ ಕೆಳಗೆ, ಬಾಲ ಮೇಲಕ್ಕೆ ಚಾಚಿತ್ತು. ಹೆಂಗಸರು ಕೈ ಮುಗಿದರು. ಅದೇ ಪ್ಲೇಟಿನ ಮೇಲೆ ಅದನ್ನೂ ಹಿಡಿಯಲು ಅವನು ಮತ್ತೆ ಮುಚ್ಚಳ ತೆಗೆದು, ಉಸಿರು ಬಿಗಿಹಿಡಿದು ನಿಂತ.

ಕಲಬುರಗಿಗೆ ಬಂದು ಕೆಂಪು ಬೆಳಕಿನಲ್ಲಿ ಪ್ಲೇಟನ್ನು ಮದ್ದುನೀರಿಗೆ ಹಾಕಿ ಬಶಿಯ ಮೇಲೆ ಬಗ್ಗಿ ನಿಂತ. ಬಂತು! ಖಂಡೆಪ್ಪನ ಮನೆ ಬಂತು, ಮನೆಯ ಮೇಲೆ ದಪ್ಪ ತಲೆ, ಸಪೂರಾಗುತ್ತ ಹೋದ ಬಾಲ, ಬಾಲಚುಕ್ಕಿಯೂ ಬಂತು. ಮರುದಿನ ಕಾಗದದ ಮೇಲೆ ಇಳಿಸಿ ಹೆಂಡತಿಯ ಮುಂದೆ ಹಿಡಿದ. ಲಲಿತಾಬಾಯಿ ಬಹಳ ಹೊತ್ತು ನೋಡಿದಳು.

"ನಾವು ನೋಡಿದಾಗ ಬಾಲ ಮ್ಯಾಲ ಇತ್ತಲ್ರೀ? ಇದರಾಗ ಕೆಳಗ ಬಂದದ."

"ಕ್ಯಾಮರಾದ ಕಣ್ಣಿಗಿ ಎಲ್ಲಾ ತಲಿಕೆಳಗ ಕಾಣ್ತದ. ನಿನಗೇನ್ ತಿಳಿತದ?"

"ಮತ್ತ ಖಂಡೆಪ್ಪ ಕಾಕಾನ ಮನಿ ನೆಟ್ಟಗೇ ಅದ?"

"ಹೋಗು, ರೊಟ್ಟಿ ಬಡಿ ಹೋಗು!"

ಹೆಂಡತಿಯ ಬಾಯಿ ಮುಚ್ಚಿಸಿದ, ಸರಿ. ಆದರೆ ಆ ಪ್ರಶ್ನೆ ಅವನ ಗಂಟಲಲ್ಲೂ ಸಿಕ್ಕಿಕೊಂಡಿತ್ತು. ಮನೆ ನೆಟ್ಟಗೆ, ಬಾಲ ತಲೆಕೆಳಗೆ, ಅದು ಹೇಗೆ? ಅವನು ಅದನ್ನು ಕಹಿ ಕಷಾಯದ ಹಾಗೆ ನುಂಗಿಬಿಟ್ಟ. ಯಾಕೆಂದರೆ ಅಷ್ಟರಲ್ಲಿ ಅಂಗಡಿಯ ಮುಂದೆ ಜನ ಸೇರಿದ್ದರು, ಮತ್ತು ಈ ಸಲ ಯಾರೂ ನಗುತ್ತಿರಲಿಲ್ಲ.

ಅಬ್ಬಬ್ಬಾ, ಆ ನಾಲ್ಕು ದಿನದ ಮೆರೆತ! ತಸ್ಬೀರಿಗೆ ಅಂಗಡಿಯಲ್ಲಿ ಹಿತ್ತಾಳೆಯ ಚೌಕಟ್ಟು ಹಾಕಿಸಿ ನೇತುಹಾಕಿದ. ಕಚೇರಿಯ ಉರ್ದು ಬಲ್ಲ ಸಾಹೇಬರು ಬಂದು "ಕಮಾಲ್ ಕಿಯಾ!" ಅಂದರು. ವ್ಯಾಪಾರಸ್ಥರು ಶಾಲು ಹೊದಿಸಬೇಕೆಂದು ಮಾತಾಡಿಕೊಂಡರು. ಆಗಲೇ ಕುಸನೂರಿನ ನಾಗಣ್ಣನೆಂಬ ರೈತ ಮಗನ ಮದುವೆಗೆ ಹಂಡೆ, ಕೊಡ ಕೊಳ್ಳಲು ಬಂದ, ದೌಲಪ್ಪನಿಗೆ ಅವನ ಗುರುತಿರಲಿಲ್ಲ. ಹಂಡೆ ಬಡಿದು ನೋಡುತ್ತಿದ್ದವನು ತಲೆ ಎತ್ತಿ ತಸ್ಬೀರು ನೋಡಿದ.

"ಇದು ಯಾರ ಮನಿ ಮ್ಯಾಲ ಬಿದ್ದದ್ರಿ?"

ಬಾಯಿ ಮುಚ್ಚಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ದೌಲಪ್ಪ ಎದ್ದು ಬಂದು, ಬೆರಳಿಟ್ಟು ತೋರಿಸಿದ. "ಕಮಲಾಪುರದ ಖಂಡೆಪ್ಪನ ಮನಿ. ನಮ್ಮ ಅತ್ತಿ ಓಣಿನೇ. ನೋಡ್ರಿ, ಬಾಲ ಸೀದಾ ಅವರ ಮಾಳಗಿ ಮ್ಯಾಲೇ ಹೆಂಗ ಇಳದದ! ಇಂಥಾದು ಹಿಡಿಬೇಕಂದ್ರ ಗುರಿ ಬೇಕ್ರಿ."

ನಾಗಣ್ಣ ತಸ್ಬೀರಿನಿಂದ ಹಿಂದೆ ಸರಿದ. ಹಂಡೆಯನ್ನು ಕೆಳಗಿಟ್ಟು, "ಶರಣ್ರಿ" ಎಂದು ಎದ್ದುಹೋದ. ಪಾಪ, ಬೆರಗಾಗಿ ವ್ಯಾಪಾರವನ್ನೇ ಮರೆತುಹೋದ ಎಂದು ದೌಲಪ್ಪ ಹೆಮ್ಮೆಪಟ್ಟ.

ಶಾಲಿನ ಹಿಂದಿನ ದಿನ ಪೇಟೆಯ ಹಿರಿಯರೊಬ್ಬರು ತಮ್ಮದೂ ಒಂದು ತಸ್ಬೀರು ಆಗಲಿ ಎಂದರು. ನಡುಮಧ್ಯಾಹ್ನ, ಚೆನ್ನಾದ ಬಿಸಿಲು. ದೌಲಪ್ಪ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಪ್ಲೇಟು ತುಂಬಿ, ಅವರನ್ನು ಕುರ್ಚಿಯ ಮೇಲೆ ಕೂಡಿಸಿ ತಸ್ಬೀರು ತೆಗೆದ. ಕತ್ತಲ ಕೋಣೆಯಲ್ಲಿ ಮದ್ದುನೀರಿಗೆ ಹಾಕಿದ. ಹಿರಿಯರ ಮೀಸೆ ಬಂತು, ಪೇಟ ಬಂತು. ಪೇಟದ ಮೇಲೆ ದಪ್ಪ ತಲೆ, ಸಪೂರ ಬಾಲದ ಬಾಲಚುಕ್ಕಿಯೂ ಬಂತು!

ಹಾಡಹಗಲು ಪೇಟದ ಮೇಲೆ ಬಾಲಚುಕ್ಕಿ ಎಲ್ಲಿಂದ ಬರಬೇಕು? ದೌಲಪ್ಪ ಕೆಂಪು ಬೆಳಕಿನಲ್ಲಿ ತನ್ನ ತೋರುಬೆರಳು ನೋಡಿಕೊಂಡ. ಉಗುರಿನ ಸಂದಿಯಲ್ಲಿ, ಬೆರಳ ತುದಿಯಲ್ಲಿ ಸುಣ್ಣ. ಹೊಸ ಪ್ಲೇಟೊಂದನ್ನು ತೆಗೆದು, ಬೇಕೆಂದೇ ಸುಣ್ಣದ ಬೆರಳು ಎಳೆದು ಮದ್ದುನೀರಿಗೆ ಹಾಕಿದ. ಉಳಿದದ್ದು ಮಸುಕಾಗಿರುವಾಗಲೇ ಸುಣ್ಣ ತಾಗಿದ ಕಡೆ ಪ್ಲೇಟು ಬೇಗ ಕಪ್ಪಾಯಿತು. ಗಾಜಿನಲ್ಲಿ ಕಪ್ಪಾದದ್ದು ಕಾಗದದಲ್ಲಿ ಬೆಳ್ಳಗಾಗುತ್ತದೆ. ಬೆರಳು ಊರಿದಲ್ಲಿ ತಲೆ, ಎಳೆದಲ್ಲಿ ಬಾಲ. ಕಮಲಾಪುರದ ಪ್ಲೇಟಿನಲ್ಲೂ ಆದದ್ದು ಇದೇ, ನಿಜವಾದ ಬಾಲಚುಕ್ಕಿ ಅದರಲ್ಲಿ ಮೂಡಿರಲೇ ಇಲ್ಲ. ಎಲೆ ತಿನ್ನುವ ಮನೆಗಳ ಕಂಬಕ್ಕೆಲ್ಲ ಇಂಥ ಬಾಲಚುಕ್ಕಿಗಳು ಇರುತ್ತವೆ, ಯಾರೂ ಕೈ ಮುಗಿಯುವುದಿಲ್ಲ.

ಅವನ ಕಿವಿಯ ತುದಿ ಸುಟ್ಟಂತಾಯಿತು. ಸಾಹೇಬರ "ಕಮಾಲ್" ನೆನಪಾಯಿತು, ತಾನು ನಾಗಣ್ಣನ ಮುಂದೆ ಗುರಿಯ ಮಾತಾಡಿದ್ದು ನೆನಪಾಯಿತು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಎರಡೂ ಪ್ಲೇಟು ಒಡೆದು ಬೂದಿಯ ಗುಂಡಿಗೆ ಹಾಕಿದ. ಹಿರಿಯರಿಗೆ ಬಿಸಿಲು ಜಾಸ್ತಿಯಾಗಿ ತಸ್ಬೀರು ಕೆಟ್ಟಿತು ಎಂದು ಹೇಳಿಕಳಿಸಿದ.

ಸಂಜೆ ಲಲಿತಾಬಾಯಿ ಅಳುತ್ತ ಬಂದಳು. ಕಮಲಾಪುರದಿಂದ ಬಾಳೆಹಣ್ಣಿನ ಗಾಡಿಯವರು ಸುದ್ದಿ ತಂದಿದ್ದರು.

"ಅಂಬಿ ಲಗ್ನ ಮುರೀತ್ರಿ. ಹುಡುಗನ ಅಪ್ಪ, ಕುಸನೂರ ನಾಗಣ್ಣ, ನಿಮ್ಮ ಅಂಗಡ್ಯಾಗ ತಸ್ಬೀರು ನೋಡಿದ್ನಂತ. ಬಾಲ ಬಿದ್ದ ಮನಿ ಹೆಣ್ಣು ನಮಗ ಬ್ಯಾಡ ಅಂದಾನಂತ. ಓಣ್ಯಾಗ ಒಬ್ಬಾಕಿ ಮನಿ ಅರಿಶಿಣಕ್ಕ ಅಂಬಿ ಹೋದ್ರ, ನೀ ಹೊರಗ ನಿಂದ್ರವ್ವಾ ಅಂದ್ರಂತ. ಹೊರಗ ನಿಂತು ಬಂದಾಳ್ರಿ ಹುಡುಗಿ."

ದೌಲಪ್ಪ ಸುಣ್ಣದ ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

"ನಾಗಣ್ಣನ ಹಂತ್ಯಾಕ ಹೋಗಿ ಒಂದು ಮಾತು ಹೇಳ್ರಿ" ಎಂದಳು ಅವಳು. "ಬಾಲ ಖರೇನೇ ಮ್ಯಾಲಿತ್ತು, ತಸ್ಬೀರಿನಾಗ ಏನೋ ತಪ್ಪಾಗ್ಯಾದ ಅಂತ. ಅಷ್ಟ ಸಾಕು. ನಿಮ್ಮ ಕಾಲ್ ಬೀಳ್ತೀನಿ."

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ. ಸುಣ್ಣವೆಂಬ ಮಾತು ನಾಲಿಗೆಯ ತುದಿಗೆ ಬಂತು ಕೂಡ. ಆದರೆ ಬೆಳಗಾದರೆ ಶಾಲು. ಊರ ಮುಂದೆ ಎದ್ದು ನಿಂತು, ನಾನು ಹಿಡಿದದ್ದು ಬಾಲಚುಕ್ಕಿಯಲ್ಲ, ನನ್ನ ಎಂಜಲು ಬೆರಳು ಎನ್ನಬೇಕೇ? ಬೆಕ್ಕು ಪರಚಿದ ಗೀರಿಗೇ ಅಷ್ಟು ನಕ್ಕವರು, ಇದಕ್ಕೆ ಮೊಮ್ಮಕ್ಕಳ ಕಾಲದವರೆಗೂ ನಗುತ್ತಾರೆ.

"ನೋಡೋಣ ತಡಿ" ಎಂದ. "ನಾನೂ ವಿಚಾರ ಮಾಡ್ಬೇಕು. ತಸ್ಬೀರು ಸುಳ್ಳು ಅಂತ ಹೆಂಗ ಹೇಳ್ಲಿ?"

ಲಲಿತಾಬಾಯಿ ಮೂಗು ಒರೆಸಿಕೊಂಡು ಒಳಗೆ ಹೋದಳು. ಗಂಡ ಸುಳ್ಳು ಹೇಳಲಾರದ ಮನುಷ್ಯ ಎಂದು ಅವಳು ತಿಳಿದಳು. ಅದನ್ನು ನೋಡಿಯೂ ಅವನು ಸುಮ್ಮನಿದ್ದ.

ಮರುದಿನ ಶಾಲು ಹೊದಿಸಿದರು. ಆ ಬೇಸಿಗೆಯಲ್ಲಿ ಉಣ್ಣೆಯ ಶಾಲು! ಬೆವರು ಬೆನ್ನಲ್ಲಿ ಹರಿಯಿತು. ಜನ ಚಪ್ಪಾಳೆ ಹೊಡೆದರು, ಯಾರೋ ತಸ್ಬೀರಿಗೆ ಕುಂಕುಮ ಹಚ್ಚಿದರು. ಆಮೇಲಿನ ದಿನಗಳಲ್ಲಿ ಮುದುಕಿಯರು ಅಂಗಡಿಗೆ ಬಂದು, ಮುಂದೆ ಬಾಲ ಯಾರ ಮನೆಯ ಮೇಲೆ ಬೀಳುತ್ತದಪ್ಪಾ ಎಂದು ಅವನನ್ನೇ ಕೇಳತೊಡಗಿದರು. ದೌಲಪ್ಪ ಕಣ್ಣು ತಗ್ಗಿಸಿ ತಕ್ಕಡಿ ನೋಡುತ್ತಿದ್ದ. ಊಟ ಸೇರಲಿಲ್ಲ. ಕನ್ನಡಿಯಲ್ಲಿ ವಿಭೂತಿ ಹಚ್ಚಿಕೊಳ್ಳುವಾಗ ತನ್ನ ಮುಖ ತನಗೇ ಬೇಡವಾಯಿತು. ನಾಳೆ ಹೇಳುತ್ತೇನೆ ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದ, ಅಂಗಡಿ ತೆರೆದರೆ ಆ ಧೈರ್ಯ ಇರುತ್ತಿರಲಿಲ್ಲ.

ವಾರ ಕಳೆದಿರಬೇಕು, ನಾಗಣ್ಣ ಮತ್ತೆ ಬಂದ. ಈ ಸಲ ಮುಖ ಅರಳಿತ್ತು. ಬಂದವನೇ ದೌಲಪ್ಪನ ಎರಡೂ ಕೈ ಹಿಡಿದುಕೊಂಡ.

"ಸಾವ್ಕಾರ್ರೇ, ನಿಮ್ಮಿಂದ ನಮ್ಮ ಮನಿ ಉಳೀತ್ರಿ! ಆ ಕಮಲಾಪುರದ ಹೆಣ್ಣು ಬಂದಿದ್ರ ಏನು ಗತಿ? ನಿನ್ನಿ ಕೋಟನೂರದಾಗ ಬ್ಯಾರೆ ಹೆಣ್ಣು ನಿಕ್ಕಿ ಮಾಡಿ ಬಂದೀನಿ. ಅವತ್ತು ಬಿಟ್ಟು ಹೋದ ಹಂಡೆ ಕೊಡ್ರಿ. ಎಲ್ಲಾದಕಿಂತ ದೊಡ್ಡದು ಕೊಡ್ರಿ."

ದೌಲಪ್ಪ ಕೈ ಬಿಡಿಸಿಕೊಂಡ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಕೈ ಹಿಡಿದು ಉಪಕಾರ ಎಂದದ್ದನ್ನು ತಡೆಯಲಾಗಲಿಲ್ಲ.

"ಅದು ಚಿಕ್ಕಿ ಅಲ್ರಿ" ಎಂದ.

"ಹಾಂ?"

"ಸುಣ್ಣ. ನನ್ನ ಬೆರಳಿನ ಸುಣ್ಣ. ಆ ಹುಡುಗಿ ಮನಿ ಮ್ಯಾಲ ಯಾವ ಬಾಲನೂ ಬಿದ್ದಿಲ್ಲ."

ನಾಗಣ್ಣ ನಂಬಲಿಲ್ಲ. ಪರರ ಮಗಳ ಸಲುವಾಗಿ ನಿಮ್ಮ ಮಾನ ಬಿಡುತ್ತಿದ್ದೀರಿ, ದೊಡ್ಡ ಮನಸ್ಸು ನಿಮ್ಮದು ಎಂದು ಇನ್ನಷ್ಟು ಹೊಗಳಿದ. ಥೂ, ಇದೊಂದು ಬಾಕಿ ಇತ್ತು! ದೌಲಪ್ಪ ಡಬ್ಬಿ ತೆಗೆದು, ಬೆರಳಿಗೆ ಸುಣ್ಣ ತಾಗಿಸಿ, ತಸ್ಬೀರಿನ ಪಕ್ಕದಲ್ಲೇ ಕಂಬಕ್ಕೆ ಎಳೆದ. ಎರಡಕ್ಕೂ ಒಂದು ಕೂದಲೆಳೆಯ ಫರಕು ಇರಲಿಲ್ಲ. ಅಂಗಡಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಓಣಿಯ ತುದಿಯವರೆಗೂ ಆ ನಗು ಓಡಿತು.

ನಾಗಣ್ಣ ಮಾತ್ರ ನಗಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು. ಈಗ ನಾ ಏನು ಮಾಡ್ಲಿ? ಕೋಟನೂರದಾಕಿನೂ ಒಬ್ಬರ ಮಗಳೇ. ಮಾತು ಕೊಟ್ಟು ಬಂದೀನಿ, ಇನ್ನೊಂದು ಹೆಣ್ಣಿಗಿ ಅದನ್ನೇ ಮಾಡ್ಲ್ಯಾ?" ಎಂದ. ಮೆಟ್ಟಿಲಿಳಿದವನು ತಿರುಗಿ ನಿಂತ. "ಕಮಲಾಪುರಕ್ಕ ನೀವೇ ಹೋಗ್ರಿ. ನಾ ಯಾವ ಮಾರಿ ಇಟ್ಕೊಂಡು ಹೋಗ್ಲಿ?"

ದೌಲಪ್ಪ ಹೆಂಡತಿಯನ್ನು ಕರೆದುಕೊಂಡು ಹೋದ. ಗಾಡಿಯಲ್ಲಿ ಅವಳಿಗೆ ಸುಣ್ಣದ ಕತೆ ಹೇಳಿದ. ಅವಳು ಬೈಯಲಿಲ್ಲ. "ಹೋಗ್ಲಿ, ಬಾಯಿ ಬಿಟ್ರಲ್ಲ" ಎಂದು ಅವನ ಕೈ ಹಿಡಿದುಕೊಂಡಳು. ಯಾವಾಗ ತಿಳಿಯಿತೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಖಂಡೆಪ್ಪನ ಅಂಗಳದಲ್ಲಿ ಓಣಿಯೆಲ್ಲ ಕೂತಿತ್ತು. ದೌಲಪ್ಪ ನಿಂತುಕೊಂಡು ಎಲ್ಲ ಹೇಳಿದ. ಕುಸನೂರಿನವರು ಬೇರೆ ಕಡೆ ಮಾತು ಕೊಟ್ಟದ್ದನ್ನೂ ಹೇಳಿದ. ಖಂಡೆಪ್ಪ ತಲೆ ತಗ್ಗಿಸಿದ. ಆದರೆ ಹಿರಿಯರ ಪೇಟದ ಮೇಲೆ ಬಾಲಚುಕ್ಕಿ ಮೂಡಿದ ಸಂಗತಿ ಬಂದಾಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು, ಗಂಡಸರು ತೊಡೆ ತಟ್ಟಿ ನಕ್ಕರು. ಅಂಬಮ್ಮನನ್ನು ಅರಿಶಿಣದ ದಿನ ಹೊರಗೆ ನಿಲ್ಲಿಸಿದಾಕೆ ಎದ್ದುಬಂದು, "ನನ್ನ ಬಾಯಿಗಿ ಬೆಂಕಿ ಹಾಕ, ತಪ್ಪಾತವ್ವಾ" ಎಂದು ಅವಳ ಗಲ್ಲ ಹಿಡಿದಳು. ಕೊನೆಗೆ ಖಂಡೆಪ್ಪನೂ, "ಇರ್ಲಿ ಬಿಡ್ರಿ, ಬೇಕಂತ ಮಾಡಿಲ್ಲಲ್ಲ ನೀವು" ಎಂದ.

ದೌಲಪ್ಪನಿಗೆ ಉಸಿರು ಬಂದ ಹಾಗಾಯಿತು. ಇಷ್ಟೇನೇ? ಇಷ್ಟಕ್ಕೇ ಇಷ್ಟು ದಿನ ಹೆದರಿದೆನೇ? ನಗುವಿನ ನಡುವೆ ಅವನಿಗೂ ಸ್ವಲ್ಪ ನಗು ಬಂತು. ಪೇಟದ ಕತೆಯನ್ನು ಎರಡನೆಯ ಸಲ, ಕೈ ಬಾಯಿ ತಿರುಗಿಸಿ, ಸ್ವಲ್ಪ ಬಣ್ಣ ಕಟ್ಟಿಯೂ ಹೇಳಿದ.

ಅಂಬಮ್ಮ ಬಾಗಿಲ ಬಳಿ ಕೂತಿದ್ದಳು. ಅವಳು ನಕ್ಕಿರಲಿಲ್ಲ, ಅತ್ತೂ ಇರಲಿಲ್ಲ.

"ಮಾಮಾ" ಎಂದಳು. "ಆ ಪೇಟದ ತಸ್ಬೀರು ತೆಗೆದದ್ದು ಯಾವಾಗ್ರಿ?"

ಅಂಗಳ ಇನ್ನೂ ನಗುತ್ತಿತ್ತು. ಮೊನ್ನೆ ಎಂದರೆ ಮುಗಿಯುತ್ತಿತ್ತು. ಯಾರು ಕುಸನೂರಿಗೋ ಕಲಬುರಗಿಗೋ ಹೋಗಿ ಕೇಳಿಕೊಂಡು ಬರುತ್ತಾರೆ? ಲಲಿತಾಬಾಯಿ ಪಕ್ಕದಲ್ಲಿ ನಗುಮುಖದಿಂದಲೇ ಅವನನ್ನು ನೋಡುತ್ತಿದ್ದಳು. ಆ ಹುಡುಗಿ ಮಾತ್ರ ಕಣ್ಣು ಕೀಳಲಿಲ್ಲ. ಕೋಟನೂರಿನ ಮಾತು ಯಾವ ದಿನ ಆಯಿತೆಂದು ಅವಳಿಗೆ ಅವನೇ ಈಗಷ್ಟೆ ಹೇಳಿದ್ದ.

"ಶಾಲು ಹೊದಿಸೋ ಹಿಂದಿನ ದಿನ" ಎಂದ ದೌಲಪ್ಪ. ದನಿ ಅವನಿಗೇ ಕೇಳಿಸಲಿಲ್ಲ. "ನಿಮ್ಮ ಅಕ್ಕ ಅಳಕೋತ ಬಂದ್ಲಲ್ಲ, ಅವತ್ತೇ. ಆಕಿ ಬರೋಕಿಂತ ಮೊದಲೇ ನನಗ ಗೊತ್ತಿತ್ತು."

ನಗು ಒಬ್ಬೊಬ್ಬರಾಗಿ ನಿಂತಿತು.

"ಅವತ್ತಿನ್ನೂ ಕೋಟನೂರಕ್ಕ ಹೋಗಿರ್ಲಿಲ್ಲ ಅವರು" ಎಂದಳು ಅಂಬಮ್ಮ. ಬೈಯುವ ಹಾಗೆ ಅಲ್ಲ, ಸುಮ್ಮನೆ ಲೆಕ್ಕ ಹಾಕುವ ಹಾಗೆ.

ಲಲಿತಾಬಾಯಿ ಗಂಡನ ಮುಖ ನೋಡಿದಳು. ಆ ಸಂಜೆ ತಾನು ಕಾಲು ಬೀಳುತ್ತೇನೆ ಎಂದದ್ದು, ಅವನು ನೋಡೋಣ ತಡಿ ಎಂದದ್ದು ಎಲ್ಲ ಅವಳ ಕಣ್ಣಲ್ಲಿ ಹಾದುಹೋದದ್ದನ್ನು ದೌಲಪ್ಪ ಕಂಡ. ಅವಳು ಎದ್ದಳು, ಅಂಗಳ ದಾಟಿ ಹೋಗಿ ಅಂಬಮ್ಮನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತಳು.

"ಗಾಡಿ ಕಟ್ಟಿಸ್ಕೊಂಡು ನೀವು ಹೋಗ್ರಿ" ಎಂದಳು. "ನಾ ಆಮ್ಯಾಲ ಬರ್ತೀನಿ."